ಸೂತಕ ಎಲ್ಲಿಗೆ ನಿಲ್ಲುತ್ತದೆ?

ಮಾಂಟ್ರಿಯಲ್‌ನಲ್ಲಿರುವ ತಮ್ಮನ ಮಗನ ಫೋನು. ನಮ್ಮ ವಂಶವೃಕ್ಷ ಬರೆದು ಕಳಿಸು ಎನ್ನುತ್ತಾನೆ. ಅವನ ಜೊತೆ ಕೆಲಸ ಮಾಡುವ ಒಬ್ಬಾತ ಹನ್ನೆರಡು ತಲೆಮಾರು ಹಿಂದಿನ ಅಜ್ಜನ ಹೆಸರು, ಅವನ ಕಸುಬು, ಹೆಂಡತಿಯ ಅಪ್ಪನ ಹೆಸರು, ಫ್ರಾನ್ಸಿನಲ್ಲಿ ಬಿಟ್ಟುಬಂದ ಹಳ್ಳಿ, ಎಲ್ಲವನ್ನೂ ಬಾಯಿಪಾಠ ಹೇಳುತ್ತಾನಂತೆ. ಪೆರ್ಶ್ ಸೀಮೆಯ ಟೂರೂವ್ರ್ ಎಂಬ ಊರು. ಅಲ್ಲಿಗೇ ಹೋಗಿ, ತನ್ನ ಅಡ್ಡಹೆಸರಿನವರನ್ನು ಹುಡುಕಿ, ಅವರ ಮನೆಯಲ್ಲಿ ಉಂಡು ಬಂದಿದ್ದಾನೆ. ಮುನ್ನೂರೈವತ್ತು ವರ್ಷದ ಹಿಂದೆ ಬೇರೆಯಾದ ದಾಯಾದಿಗಳು! "ನಮಗೆ ಎಷ್ಟು ಗೊತ್ತಿದ್ದು ಅತ್ತೆ?"

ಕಾಗದ ಹಿಡಿದು ಕೂತೆ. ಅಪ್ಪಯ್ಯ, ಅಜ್ಜ, ಮುತ್ತಜ್ಜ. ಮುತ್ತಜ್ಜನ ಅಪ್ಪನ ಹೆಸರನ್ನು ನಮ್ಮಲ್ಲಿ ಇಬ್ಬರು ಎರಡು ಥರ ಹೇಳುತ್ತಾರೆ. ಅಲ್ಲಿಗೆ ನಿಂತಿತು. ವರ್ಷವರ್ಷವೂ ತಪ್ಪದೆ ಪಿತೃಗಳನ್ನು ಹೆಸರು ಹಿಡಿದು ಕರೆದು ಉಣ್ಣಲಿಡುವ ಮನೆ ನಮ್ಮದು. ಆ ಫ್ರೆಂಚರಿಗೆ ತಿಥಿಯಿಲ್ಲ, ಶ್ರಾದ್ಧವಿಲ್ಲ. ಅವರಿಗೆ ಹನ್ನೆರಡು ತಲೆಮಾರು, ನಮಗೆ ಮೂರೂವರೆ. ಇದು ಹೇಗೆ?

*

ಅವರದ್ದು ಹೇಗೆ ಎಂಬುದು ಓದಿದರೆ ತಿಳಿಯುತ್ತದೆ. 1539ರಲ್ಲಿ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್ ಒಂದು ಶಾಸನ ಹೊರಡಿಸಿದ: ಪ್ರತಿ ಊರಿನ ಪಾದ್ರಿ ಜ್ಞಾನಸ್ನಾನವಾದ ಮಕ್ಕಳ ಹೆಸರು ಬರೆದಿಡಬೇಕು. 1563ರಲ್ಲಿ ಟ್ರೆಂಟ್‌ನ ಧರ್ಮಸಭೆ, ಮದುವೆಯನ್ನೂ ಜ್ಞಾನಸ್ನಾನವನ್ನೂ ಬರೆದಿಡಿ ಎಂದು ಕೆಥೊಲಿಕ್ ಚರ್ಚುಗಳಿಗೆಲ್ಲ ಕಟ್ಟಳೆ ಮಾಡಿತು. 1634ರಿಂದ ಪೆರ್ಶ್‌ನ ರೈತರು, ಬಡಗಿಗಳು, ಗಾರೆಯವರು ಕೆನಡಾಕ್ಕೆ ಹಡಗು ಹತ್ತಿದಾಗ ಈ ಬರೆಯುವ ಪದ್ಧತಿಯೂ ಪಾದ್ರಿಗಳ ಜೊತೆ ಹೋಯಿತು. 1663ರಿಂದ 1673ರವರೆಗೆ ಹದಿನಾಲ್ಕನೇ ಲೂಯಿ ತನ್ನ ಖರ್ಚಿನಲ್ಲಿ ಸುಮಾರು 800 ಹೆಣ್ಣುಮಕ್ಕಳನ್ನು ಮದುವೆಗೆಂದು ಅಲ್ಲಿಗೆ ಕಳಿಸಿದ. ಬಹುಪಾಲು ಬಡವರು, ಎಷ್ಟೋ ಜನ ತಬ್ಬಲಿಗಳು. ಇವತ್ತು ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತದ ಫ್ರೆಂಚರಲ್ಲಿ ತಮ್ಮ ಮೂಲ ಹುಡುಕುವ ಹೆಚ್ಚಿನವರಿಗೆ ಈ ಹೆಣ್ಣುಮಕ್ಕಳಲ್ಲಿ ಒಬ್ಬಳಾದರೂ ಅಜ್ಜಿಯಾಗಿ ಸಿಗುತ್ತಾಳೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 1966ರಿಂದ ಆ ಹಳೆಯ ಪುಸ್ತಕಗಳನ್ನೆಲ್ಲ ಒಟ್ಟುಮಾಡಿ, ಹೆಸರಿಗೆ ಹೆಸರು ಜೋಡಿಸಿ ಇಟ್ಟಿದ್ದಾರೆ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಒಂದೇ. ಆ ಪುಸ್ತಕಗಳಲ್ಲಿ ಹೆಣ್ಣಿನ ಹೆಸರು ಕೊನೆಯವರೆಗೂ ಅವಳ ತವರಿನ ಹೆಸರೇ. ಮದುವೆಯ ದಿನ ಅವಳ ಅಪ್ಪ-ಅಮ್ಮನ ಹೆಸರೂ ಬರೆಯುತ್ತಿದ್ದರು. ಹೆತ್ತಾಗ, ಸತ್ತಾಗ, ಅದೇ ಹೆಸರು.

*

ಕಾಗದವನ್ನು ಆಯಿಗೆ, ಅಂದರೆ ಅಮ್ಮನಿಗೆ, ತೋರಿಸಿದೆ. ಎಂಬತ್ತು ದಾಟಿದ ಜೀವ. ಭಾರಂಗಿ ಕಡೆಯ ಒಂದು ಅಡಿಕೆ ತೋಟದ ಊರಿಗೆ ಸೊಸೆಯಾಗಿ ಹೋದವಳು. ಆ ಊರು ಈಗ ನೀರಿನಡಿ ಇದೆ. ಕಾಗದವನ್ನು ಅತ್ತ ಸರಿಸಿ ಅಂದಳು: "ಇದೆಲ್ಲ ಬರದಿಡದು ಎಂತಕೆ? ಸೂತಕ ಬಂದಾಗ ಗೊತ್ತಾಗ್ತು."

ಮೊದಲು ಇದನ್ನು ಮುದುಕಿಯ ಉಡಾಫೆ ಎಂದುಕೊಂಡೆ. ಯೋಚಿಸುತ್ತ ಹೋದ ಹಾಗೆ ಇದರಷ್ಟು ನಿಖರವಾದ ಉತ್ತರ ಇಲ್ಲ ಅನಿಸುತ್ತಿದೆ. ಯಾರೋ ಸತ್ತರು ಎಂದರೆ ಅವರು ನಮಗೆ ಎಷ್ಟನೆಯವರು ಎಂದು ಎಣಿಸಲೇಬೇಕು. ಏಳು ತಲೆಮಾರಿನೊಳಗೆ ಮೂಲಪುರುಷ ಒಬ್ಬನೇ ಆದರೆ ಹತ್ತು ದಿನ. ಅದರಾಚೆ ಹದಿನಾಲ್ಕರವರೆಗೆ ಮೂರು ದಿನ. ಅದಕ್ಕೂ ಆಚೆ ಬರೀ ಗೋತ್ರ ಒಂದೇ ಆದರೆ ಮಿಂದರೆ ಮುಗಿಯಿತು. ಮಗು ಹುಟ್ಟಿದರೆ ಅಮೆ, ಅದಕ್ಕೂ ಇದೇ ಲೆಕ್ಕ. ದೇವರ ಪೂಜೆ ಮಾಡುವಂತಿಲ್ಲ, ಮದುವೆಯ ಮುಹೂರ್ತವಾದರೆ ಮುಂದಕ್ಕೆ ಹೋಗಬೇಕು, ಊಟಕ್ಕೆ ಕರೆದವರ ಮನೆಗೆ ಕಾಲಿಡುವಂತಿಲ್ಲ. ಇಷ್ಟೆಲ್ಲ ತೊಡಕಾಗುವ ಕಾರಣಕ್ಕೇ ಎಣಿಕೆ ತಪ್ಪುವ ಹಾಗಿರಲಿಲ್ಲ. ಜಗಲಿಯಲ್ಲಿ ಹಿರಿಯರು ಕೂತು ಬೆರಳು ಮಡಚುತ್ತ, ಅವನ ಅಜ್ಜನೂ ಇವನ ಮುತ್ತಜ್ಜನೂ ಅಣ್ಣತಮ್ಮ ಎಂದು ತೀರ್ಮಾನಕ್ಕೆ ಬರುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಅದು ವಂಶವೃಕ್ಷದ ಓದೇ ಆಗಿತ್ತು, ಪುಸ್ತಕವಿಲ್ಲದ ಓದು.

ಹಾಗಾದರೆ ಶ್ರಾದ್ಧ? ಅದರಲ್ಲಿ ಹೆಸರು ಹಿಡಿಯುವುದು ಮೂವರದ್ದೇ. ತಂದೆ ವಸು, ಅಜ್ಜ ರುದ್ರ, ಮುತ್ತಜ್ಜ ಆದಿತ್ಯ. ಮಗ ಪಿಂಡ ಇಡುವ ದಿನ ಬಂದಾಗ ನಾಲ್ಕನೆಯವನ ಹೆಸರು ಮಂತ್ರದಿಂದ ಬಿಟ್ಟುಹೋಗುತ್ತದೆ. ನಾವು ಮೂರೇ ತಲೆಮಾರು ನೆನಪಿಟ್ಟುಕೊಳ್ಳುವುದು ಮರೆವಿನಿಂದಲ್ಲ, ಕ್ರಮದಿಂದಲೇ. ಮೇಲೆ ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ರೂಢಿ ಬೇರೆ. ಸುಬ್ರಾಯ, ಗಣಪತಿ, ಮತ್ತೆ ಸುಬ್ರಾಯ, ಮತ್ತೆ ಗಣಪತಿ. ಯಾವ ಗಣಪತಿ ತೋಟ ಕೊಂಡ, ಯಾವ ಗಣಪತಿ ಮಾರಿದ?

*

ಸಾವಿನ ಸುದ್ದಿಯ ಕಾರ್ಡು. ಪೋಸ್ಟಿನವ ತಂದುಕೊಟ್ಟದ್ದನ್ನು ಅಂಗಳದಲ್ಲೇ ನಿಂತು ಓದುತ್ತಿದ್ದರು. ಒಳಗೆ ತರುತ್ತಿರಲಿಲ್ಲ. ಓದಿ ಹರಿದು ಹಾಕಿ ಮೀಯಲು ಹೋಗುತ್ತಿದ್ದರು.

ಯಾರು, ಯಾವ ಊರಲ್ಲಿ, ಯಾವ ತಿಥಿಯಲ್ಲಿ, ಕ್ರಿಯೆ ಮಾಡುವವರು ಯಾರು, ಎಲ್ಲವೂ ಆ ಕಾರ್ಡಿನಲ್ಲಿ ಇರುತ್ತಿತ್ತು. ಫ್ರಾನ್ಸಿನ ಪಾದ್ರಿ ಕಪಾಟಿನಲ್ಲಿ ಜೋಪಾನ ಮಾಡಿದ್ದನ್ನೇ ನಾವು ಅಂಗಳದಲ್ಲಿ ಹರಿದೆವು. ಮದುವೆಯ ಕರೆಯೋಲೆಗಳು ಅಟ್ಟದ ಪೆಟ್ಟಿಗೆಯಲ್ಲಿ ಕಟ್ಟುಕಟ್ಟಾಗಿ ಉಳಿದಿವೆ, ಸಾವಿನ ಒಂದು ಚೂರೂ ಇಲ್ಲ. ಆದರೆ ಓದಿದ್ದು ಮನೆಯ ನಡೆಯಲ್ಲಿ ಹತ್ತು ದಿನ ಇರುತ್ತಿತ್ತು, ಮಕ್ಕಳಿಗೂ ತಿಳಿಯುತ್ತಿತ್ತು. ಕಾಗದ ಹೋದರೂ ಬಾಧಕವಿಲ್ಲ ಎಂಬ ಧೈರ್ಯ ಅವರಿಗಿತ್ತು ಎಂದು ಕಾಣುತ್ತದೆ. ಊರು ಇದ್ದಲ್ಲೇ ಇರುತ್ತದೆ ಎಂಬ ಧೈರ್ಯ ಅದು.

*

ಊರು ಇದ್ದಲ್ಲೇ ಇರಲಿಲ್ಲ.

ಶರಾವತಿ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ, ಸಾಗರ ದಾಟಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಮೊದಲು ಹಿರೇಭಾಸ್ಕರದ ಕಟ್ಟೆ ಬಂತು. 1948ರಲ್ಲಿ ಜೋಗದಲ್ಲಿ ವಿದ್ಯುತ್ತು ಶುರುವಾಯಿತು. ಆಮೇಲೆ ಲಿಂಗನಮಕ್ಕಿ. 1964ಕ್ಕೆ ಅದು ಮುಗಿದಾಗ ಹಿರೇಭಾಸ್ಕರದ ಕಟ್ಟೆಯನ್ನೇ ನುಂಗಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಈಗಲೂ ಆ ಹಳೆಯ ಕಟ್ಟೆ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಅಣೆಕಟ್ಟೆಯ ತುಂಬುಮಟ್ಟ 1819 ಅಡಿ. ನಮ್ಮ ಕಡೆ ಈ ಅಂಕಿ ಶಾಲೆಗೆ ಹೋಗದವರಿಗೂ ಗೊತ್ತು. 1819ರ ಕೆಳಗಿದ್ದ ಮನೆಯೆಲ್ಲ ಏಳಬೇಕಾಯಿತು. ಮೇಲಿದ್ದ ಮನೆಗಳು ಉಳಿದವು, ಆದರೆ ಎಷ್ಟೋ ಕಡೆ ಗದ್ದೆ ಹೋಯಿತು, ದಾರಿ ಹೋಯಿತು, ಸುತ್ತ ನೀರು ನಿಂತು ಕರೂರು ಸೀಮೆ ದ್ವೀಪವಾಯಿತು.

ಲಾರಿಯಲ್ಲಿ ಪಾತ್ರೆ-ಪಗಡೆ, ದನ, ತುಳಸಿಕಟ್ಟೆಯ ಮಣ್ಣು, ಜನ. ಒಂದೇ ಜಗಲಿಯಲ್ಲಿ ಕೂತು ಎಣಿಸುತ್ತಿದ್ದ ದಾಯಾದಿಗಳಲ್ಲಿ ಒಬ್ಬರು ಹೊಸನಗರದ ಕಡೆ ಹೋದರು, ಒಬ್ಬರು ಶಿವಮೊಗ್ಗದ ಹತ್ತಿರ, ಒಬ್ಬರು ಭದ್ರಾವತಿಯ ಕಾಡಂಚಿಗೆ. ನಮ್ಮವರು ತಾಳಗುಪ್ಪದ ಕಡೆ ಬಂದರು. ಫೋನಿಲ್ಲದ ಕಾಲ. ಕಾರ್ಡು ಬರೆಯೋಣವೆಂದರೆ ಯಾವ ಊರಿಗೆ ಬರೆಯುವುದು? ಹಳೆಯ ವಿಳಾಸಕ್ಕೆ ಪೋಸ್ಟೇ ಇಲ್ಲ.

ಶಾಸ್ತ್ರದಲ್ಲಿ ಇದಕ್ಕೂ ಒಂದು ಮಾತಿದೆ. ಹತ್ತು ದಿನದೊಳಗೆ ಸುದ್ದಿ ಕಿವಿಗೆ ಬಿದ್ದರೆ ಉಳಿದ ದಿನ ಮಾತ್ರ ಸೂತಕ. ವರ್ಷ ದಾಟಿ ಕೇಳಿದರೆ ಮಿಂದರೆ ಸಾಕು. ಸೂತಕ ಹುಟ್ಟುವುದು ಸಾವಿನಿಂದಲ್ಲ, ಕೇಳುವುದರಿಂದ. ಕೇಳದೆ ಹೋದ ಸಾವುಗಳು ಎಷ್ಟೋ. ಅವಕ್ಕೆಲ್ಲ ಯಾರೂ ಎಣಿಸಲಿಲ್ಲ. ಎಣಿಸದೆ ಎರಡು ತಲೆಮಾರು ಕಳೆದರೆ ಎಣಿಸುವುದಕ್ಕೇ ಬರುವುದಿಲ್ಲ. ನನ್ನ ಕಾಗದ ಮೂರೂವರೆಗೆ ನಿಂತದ್ದು ಇಲ್ಲಿ.

*

ಸಾಗರದಲ್ಲಿ ನಮಗೆ ಪರಿಚಯದ ಒಂದು ಕೊಂಕಣಿ ಕ್ರಿಸ್ತರ ಮನೆ. ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಅವರ ಕೈಲಿ ಟ್ರೆಂಟ್‌ನ ಕಟ್ಟಳೆಯೇ ಇದೆ: ಜ್ಞಾನಸ್ನಾನದ ಪುಸ್ತಕ. ಇಗರ್ಜಿಗೆ ಹೋಗಿ ಕೇಳಿದರೆ ಅಜ್ಜನ ಹೆಸರು ಲ್ಯಾಟಿನ್ನಿನಲ್ಲಿ ಸಿಗುತ್ತದೆ. ಅದನ್ನು ಹಿಡಿದು ಕರಾವಳಿಯ ಇಗರ್ಜಿಗೆ ಹೋದರೆ ಇನ್ನೂ ಹಿಂದಿನವರು. ನಮಗಿಂತ ಅವರ ಪಾಡು ಮೇಲು ಎಂದುಕೊಂಡಿದ್ದೆ. ಅವರ ದಾರಿಯೂ ಒಂದು ಕಡೆ ಕಡಿಯುತ್ತದೆ. 1784ರಲ್ಲಿ ಟಿಪ್ಪು ಕೆನರಾದ ಕೆಥೊಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಗರ್ಜಿಗಳು ನೆಲಸಮವಾದವು. 1799ರವರೆಗೆ ಸೆರೆ. ಬದುಕಿ ತಿರುಗಿ ಬಂದವರಿಂದ ಎಣಿಕೆ ಹೊಸದಾಗಿ ಶುರು. ಮಂಗಳೂರಿನ ಮೈಕೆಲ್ ಲೋಬೋ ಎಂಬ ವಿದ್ವಾಂಸರು ಮಂಗಳೂರು ಕೆಥೊಲಿಕ್ ಕುಟುಂಬಗಳ ವಂಶಾವಳಿಯನ್ನು ಮನೆಮನೆ ಹಿಡಿದು ಕೂಡಿಸಿದವರು. ಅಂಥ ಕೆಲಸವನ್ನು ಒಬ್ಬ ಮನುಷ್ಯ ಜೀವಮಾನವಿಟ್ಟು ಮಾಡಬೇಕಾಗುತ್ತದೆ. ಶರಾವತಿ ಮುಳುಗಡೆಯವರಿಗೆ ಅಂಥ ಒಬ್ಬರು ಇನ್ನೂ ಬೇಕು.

ಅದೇ ಸೆರೆಯ ಕತೆಯಲ್ಲಿ ಒಬ್ಬ ಫ್ರೆಂಚನೂ ಬರುತ್ತಾನೆ. ಕ್ರಾಂತಿಯ ಕಾಲದಲ್ಲಿ ಫ್ರಾನ್ಸು ಬಿಟ್ಟು ಬಂದ ಪಾದ್ರಿ ಅಬ್ಬೆ ದ್ಯುಬುವಾ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರಿಸ್ತರನ್ನು ಒಟ್ಟುಮಾಡಲು ಬಂದು, ನಮ್ಮವರ ಹಾಗೆ ಉಟ್ಟು, ನಮ್ಮವರ ಹಾಗೆ ಉಂಡು, 1823ರವರೆಗೆ ಇದ್ದ. ಹಿಂದೂಗಳ ಆಚಾರದ ಬಗ್ಗೆ ಅವನು ಬರೆದದ್ದನ್ನು ಕಂಪನಿ ಸರ್ಕಾರ ದುಡ್ಡು ಕೊಟ್ಟು ಕೊಂಡಿತು. ಫ್ರಾನ್ಸಿನಿಂದ ಬಂದವರು ನಮ್ಮ ನೆಲದಲ್ಲಿ ಊರ ಹೆಸರೂ ಬಿಟ್ಟು ಹೋಗಿದ್ದರು. ಇವತ್ತಿನ ಪಾಂಡವಪುರ ಆಗ ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪುವಿನ ಚಾಕರಿಗೆ ಬಂದ ಸೈನಿಕರು ಅಲ್ಲಿ ಬಿಡಾರ ಹೂಡುತ್ತಿದ್ದರು. ಅವರಲ್ಲಿ ಇಲ್ಲೇ ಮದುವೆಯಾದವರ ಮಕ್ಕಳು ಯಾರ ಹೆಸರಿನಲ್ಲಿ ಬೆಳೆದರು? ನಾರ್ಮಂಡಿಯಲ್ಲೋ ಬ್ರಿಟನಿಯಲ್ಲೋ ಕೂತು, ಇಂಡಿಯಾಕ್ಕೆ ಹೋದ ಅಜ್ಜನ ಎಳೆ ಕಡಿಯಿತು ಎಂದು ಯಾರೋ ನನ್ನ ಹಾಗೆಯೇ ತಲೆ ಕೆಡಿಸಿಕೊಂಡಿರಬಹುದು.

ನಾ. ಡಿಸೋಜ ಅವರನ್ನು ಇಲ್ಲಿ ನೆನೆಯದೆ ಇರಲಾರೆ. ಸಾಗರದವರು, ಕೊಂಕಣಿ ಮನೆಮಾತಿನ ಕ್ರಿಸ್ತರು. ಶರಾವತಿ ಯೋಜನೆಯ ಕೆಲಸದಲ್ಲಿದ್ದುಕೊಂಡೇ ಮುಳುಗುವವರ ಸಂಕಟವನ್ನು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. 2025ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಜಾತಿಯಲ್ಲ, ಗೋತ್ರವಲ್ಲ, ಸೂತಕದ ಯಾವ ಲೆಕ್ಕಕ್ಕೂ ಸೇರುವವರಲ್ಲ. ಸುದ್ದಿ ಕೇಳಿದ ದಿನ ಆಯಿ ತಲೆಗೆ ನೀರು ಹಾಕಿಕೊಂಡಳು. ಯಾಕೆಂದು ಯಾರೂ ಕೇಳಲಿಲ್ಲ.

*

ಆಯಿಯ ಹುಟ್ಟು ಹೆಸರು ನನಗೆ ಗೊತ್ತಾದದ್ದು ಈಗ, ಈ ಕಾಗದದ ದೆಸೆಯಿಂದ. ಧಾರೆಯಾದ ದಿನ ಗಂಡನ ಮನೆಯವರು ಹೊಸ ಹೆಸರಿಟ್ಟರು, ಹಳೆಯದು ತವರಿನಲ್ಲೇ ಉಳಿಯಿತು. ಈಗ ಆ ಹೆಸರಿನಿಂದ ಅವಳನ್ನು ಕರೆಯುವವರು ಯಾರೂ ಬದುಕಿಲ್ಲ. ಅವಳ ಅತ್ತೆಗೂ ಹೀಗೆಯೇ, ಅತ್ತೆಯ ಅತ್ತೆಗೂ. ಹೆಣ್ಣುಮಕ್ಕಳು ಮದುವೆಯಾಗಿ ಹೋದರೆ ಪಟ್ಟಿಯಿಂದ ಬಿಟ್ಟೇ ಹೋಗುತ್ತಾರೆ. ತವರಿನವರು ಬರೆಸಿದ ವಂಶವೃಕ್ಷದಲ್ಲಿ ನಾನೂ ಇಲ್ಲ. ಕ್ವಿಬೆಕ್‌ನಲ್ಲಿ ಆ ಸುಮಾರು 800 ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರಿಟ್ಟು ಕರೆಯಬಹುದು. 1981ರಿಂದ ಅಲ್ಲಿ ಹೆಂಗಸರು ಹುಟ್ಟು ಹೆಸರಿನಲ್ಲೇ ಇರಬೇಕೆಂಬ ಕಾನೂನೂ ಇದೆ. ತಾಳಗುಪ್ಪದಲ್ಲಿ ತೋಟ, ಮನೆ, ಹಸೆ-ಚಿತ್ತಾರ ಎಲ್ಲ ಇದ್ದ ಸಂಸಾರದ ಹೆಂಗಸಿನ ಹೆಸರು ಎರಡೇ ತಲೆಮಾರಿಗೆ ಇಲ್ಲವಾಗುತ್ತದೆ. ಇದು ನನಗೆ ಬಗೆಹರಿಯುವುದಿಲ್ಲ. ಬೇಸರವೂ ಆಗುತ್ತದೆ.

ಆದರೆ ಎಣಿಕೆ ಗೊತ್ತಿರುವುದು ಯಾರಿಗೆ ಎಂದು ನೋಡಿದರೆ ಹೆಂಗಸರಿಗೇ. ಬಾಣಂತನಕ್ಕೆ ಯಾರು ಬಂದರು, ಯಾರ ಮನೆಗೆ ಅಪ್ಪೆಮಿಡಿ ಕಳಿಸಿದೆವು, ಸೂತಕದಲ್ಲಿ ಯಾರನ್ನು ಒಳಗೆ ಬಿಡಬಾರದು, ಇದನ್ನೆಲ್ಲ ನಡೆಸಿದವರು ಅವರು. ಗಂಡಸರು ಮಂತ್ರದ ಮೂರು ಹೆಸರಿಗೆ ನಿಂತರೆ ಹೆಂಗಸರು ಅಡ್ಡಡ್ಡಕ್ಕೆ ಹೋಗುತ್ತಾರೆ: ಚಿಕ್ಕಪ್ಪನ ಮಗಳ ಅತ್ತೆಯ ತಮ್ಮ.

ನಮ್ಮ ಪಕ್ಕದ ದೀವರ ಕೇರಿಯಲ್ಲಿ ವಂಶದ ಲೆಕ್ಕವೇ ತಿರುಗಮುರುಗ. ಅವರಲ್ಲಿ ಬಳಿ ಎಂಬುದಿದೆ, ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬಳಿಯವರಲ್ಲಿ ಮದುವೆ ಇಲ್ಲ. ಆಸ್ತಿ ಅಪ್ಪನದ್ದು, ಬಳಿ ಅಮ್ಮನದ್ದು. ಒಬ್ಬ ಮುದುಕಿಯನ್ನು ಕೇಳಿದೆ. ಅಜ್ಜನ ಹೆಸರಿಗೆ ತಡವರಿಸಿದಳು. ಅಮ್ಮನ ಅಮ್ಮನ ಅಮ್ಮ ಯಾವ ಊರಿಂದ ಬಂದವಳು ಎಂದರೆ ಥಟ್ಟನೆ ಹೇಳಿದಳು. ಆ ಊರೂ ಮುಳುಗಿದ್ದೇ. ಆದರೆ ಬಳಿ ಮುಳುಗಿಲ್ಲ. ಹೊಸ ಊರಲ್ಲಿ ಸಂಬಂಧ ಕೇಳಲು ಬಂದವರನ್ನು ಮೊದಲು ವಿಚಾರಿಸುವುದು ಅದನ್ನೇ.

*

ನಾಡಕಚೇರಿ. ವಂಶವೃಕ್ಷ ಪತ್ರಕ್ಕೆ ಅರ್ಜಿ ಹಿಡಿದು ನಿಂತವರು. ಪೌತಿ ಖಾತೆಗೆ ಬೇಕು, ಪಾಲುಪಟ್ಟಿಗೆ ಬೇಕು, ಸಾಲಕ್ಕೂ ಬೇಕು. ಮುಳುಗಡೆಯವರಿಗೆ ಇನ್ನೊಂದು ಕಾರಣ: ಕಾಡಂಚಿನಲ್ಲಿ ಕೊಟ್ಟ ನೆಲಕ್ಕೆ ಹಕ್ಕುಪತ್ರ ಸಿಗದೆ ಅರವತ್ತು ವರ್ಷದಿಂದ ಅಲೆಯುತ್ತಿರುವ ಸಂಸಾರಗಳಿವೆ. ಎದ್ದು ಬಂದ ಅಜ್ಜನಿಗೆ ತಾನು ಮೊಮ್ಮಗ ಎಂದು ಕಾಗದದಲ್ಲಿ ತೋರಿಸಬೇಕು. ಹಳೆಯ ಊರಿನ ಶಾನುಭೋಗರಿದ್ದರೆ ಮುಖ ನೋಡಿಯೇ ಹೇಳುತ್ತಿದ್ದರು. ವಂಶಪಾರಂಪರ್ಯದ ಆ ಹುದ್ದೆ 1963ರಲ್ಲೇ ರದ್ದಾಯಿತು. ಮರುವರ್ಷ ನೀರು ನಿಂತಿತು. ಹೇಳಬಲ್ಲವರೂ ಹೋದರು, ತೋರಿಸಬಲ್ಲ ನೆಲವೂ ಹೋಯಿತು.

ಕಚೇರಿ ಕೊಟ್ಟ ಒಂದು ವಂಶವೃಕ್ಷ ನೋಡಿದೆ. ಚೌಕದೊಳಗೆ ಹೆಸರು, ಪಕ್ಕದಲ್ಲಿ ವಯಸ್ಸು, ಸತ್ತವರಿಗೆ 'ಮೃತ'. ಇದರಲ್ಲಿ ಹೆಣ್ಣುಮಕ್ಕಳು ಇದ್ದಾರೆ. ಆಸ್ತಿಯಲ್ಲಿ ಪಾಲಿನ ಕಾನೂನು ಬಂದ ಮೇಲೆ ಬಿಡುವ ಹಾಗಿಲ್ಲ. ದಾಯಾದಿ ಜಗಳಕ್ಕೆಂದು ಮಾಡಿಸಿದ ಕಾಗದವೇ ಮುಂದೊಂದು ದಿನ ಮೊಮ್ಮಕ್ಕಳಿಗೆ ಹೆಣ್ಣುಮಕ್ಕಳ ಹೆಸರು ಹೇಳುತ್ತದೆ.

*

"ನಿಮ್ಮದು ಎಲ್ಲಾಯ್ತು?" ಮೈಸೂರು–ತಾಳಗುಪ್ಪ ರೈಲಿನಲ್ಲಿ ಸಾಗರ ದಾಟಿದ ಮೇಲೆ ಎದುರು ಕೂತವರು ಕೇಳುವ ಪ್ರಶ್ನೆ. ಈಗಿನ ಊರು ಹೇಳಿದರೆ ಸಮಾಧಾನವಾಗುವುದಿಲ್ಲ. "ಅಲ್ಲ, ಮುಂಚೆ?" ಮುಂಚಿನ ಊರಿನ ಹೆಸರು ಹೇಳಿದ ಮೇಲೆ ಮಾತು ಶುರು. ಮ್ಯಾಪಿನಲ್ಲಿ ಇಲ್ಲದ ಎಷ್ಟೋ ಊರುಗಳ ಹೆಸರು ಈ ಬೋಗಿಯಲ್ಲಿ ಕೇಳಿದ್ದೇನೆ.

2025ರ ಜುಲೈ 14ಕ್ಕೆ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅಲ್ಲಿಯವರೆಗೆ ತುಮರಿ, ಬ್ಯಾಕೋಡು, ಸಿಗಂದೂರಿಗೆ ಹೋಗಲು ಲಾಂಚಿಗೆ ಕಾಯಬೇಕಿತ್ತು, ಕತ್ತಲಾದ ಮೇಲೆ ಅದೂ ಇರುತ್ತಿರಲಿಲ್ಲ. ಹೊಳೆಯಾಚೆ ಸತ್ತವರ ಮುಖ ನೋಡಲಾಗದೆ ಈಚೆ ದಂಡೆಯಲ್ಲಿ ರಾತ್ರಿ ಕಳೆದವರ ಕತೆ ಎಲ್ಲ ಮನೆಯಲ್ಲೂ ಒಂದಿದೆ. ಈಗ ಸಿಗಂದೂರಿನ ಚೌಡೇಶ್ವರಿಗೆ ಹರಕೆ ಒಪ್ಪಿಸಿ ಸಂಜೆಗೆ ಹಿಂದಿರುಗುತ್ತಾರೆ. ದೇವಸ್ಥಾನದ ಊಟದ ಸಾಲಿನಲ್ಲಿ ಕೂತವರ ಮಾತು ಕೇಳಬೇಕು. ಶಿವಮೊಗ್ಗದ ಕಡೆಯವರು, ಭದ್ರಾವತಿಯವರು, ಹೊಸನಗರದವರು, ಎಲ್ಲರೂ ಪರಸ್ಪರ ಕೇಳುವುದು "ಅಲ್ಲ, ಮುಂಚೆ?"

ಅಂಥ ಒಂದು ಸಾಲಿನಲ್ಲೇ ಸಿಕ್ಕವರು ಹೊಸನಗರ ತಾಲೂಕಿನ ಒಬ್ಬರು. ಗೋತ್ರ ನಮ್ಮದೇ, ಮನೆದೇವರೂ ಅದೇ. ಇಷ್ಟಕ್ಕೇ ದಾಯಾದಿ ಎನ್ನುವಂತಿಲ್ಲ. ಆಯಿಯನ್ನು ನೋಡಲು ಬಂದರು. ಹೆಸರು ಕೇಳಿದರೆ ಉಪಯೋಗವಿಲ್ಲ, ಅವರಲ್ಲೂ ಸುಬ್ರಾಯ, ಗಣಪತಿಗಳೇ. ಆಯಿ ಕೇಳಿದ್ದು: "ನಿಂಗಳ ಮನೆಗೆ ಅಬ್ಬಿ ನೀರು ಯಾವ ಬದಿಂದ ಬತ್ತಿತ್ತು?" ಅವರು ತಮ್ಮ ಅಮ್ಮನಿಂದ ಕೇಳಿದ್ದನ್ನು ಹೇಳಿದರು: ಗುಡ್ಡದ ಮೇಲಿನ ಒರತೆ, ಅಡಿಕೆ ದಬ್ಬೆಯಲ್ಲಿ ಹರಿದು ಎರಡು ಮನೆಗೆ ಕವಲಾಗುತ್ತಿತ್ತು, ಮೇಲಿನ ಮನೆಗೆ ಮೊದಲು, ಕೆಳಗಿನ ಮನೆಗೆ ಆಮೇಲೆ. ಬೇಸಿಗೆಯಲ್ಲಿ ನೀರಿನ ಸರದಿಗೆ ಜಗಳ ಆಗುತ್ತಿತ್ತಂತೆ. ಆಯಿ ಒಂದಷ್ಟು ಹೊತ್ತು ಅವರ ಮುಖ ನೋಡಿ, ನಮ್ಮದು ಕೆಳಗಿನ ಮನೆ ಎಂದಳು. ಎದ್ದು ಹೋಗಿ ತಂಬುಳಿಗೆ ಒಂದೆಲಗ ಕೊಯ್ಯಿರಿ ಎಂದು ಸೊಸೆಗೆ ಹೇಳಿದಳು. ಊಟ ಮಾಡದೆ ಅವರನ್ನು ಬಿಡುವುದಿಲ್ಲ ಎಂದಾಯಿತು.

ಹನಿ ನೀರಿಗೆ ಜಗಳವಾಡಿದವರ ಮಕ್ಕಳು ಕಡಲಿನಷ್ಟು ನೀರಿನಿಂದ ದೂರವಾಗಿ, ಈಗ ಆ ಜಗಳದ ಗುರುತಿನಿಂದಲೇ ಹತ್ತಿರವಾದರು. ಟೂರೂವ್ರ್‌ನಲ್ಲಿ ಊಟಕ್ಕೆ ಕೂತ ಆ ಕ್ವಿಬೆಕ್‌ನವನಿಗೆ ಪುಸ್ತಕದ ಸಾಲು ಇತ್ತು. ಆದರೆ ಅವನ ನೆಂಟರಿಗೂ ಅವನಿಗೂ ಹೀಗೆ ಜಗಳದ ನೆನಪೊಂದು ಉಳಿದಿರಲು ಸಾಧ್ಯವೇ?

*

ಊಟವಾದ ಮೇಲೆ ಎಣಿಕೆ. ಬೆರಳು ಮಡಚುತ್ತ ಆಯಿ, ಕಾಗದ ಹಿಡಿದು ನಾನು. ಎರಡೂ ಮನೆಗೆ ಮೂಲದವರು ಒಬ್ಬರೇ ಎಂಬುದರಲ್ಲಿ ಅನುಮಾನವಿಲ್ಲ. ಅವರಿಂದ ಲೆಕ್ಕ ಹಾಕಿದರೆ ಬಂದವರ ಅಪ್ಪ ಆರನೆಯವರು, ಇವರು ಏಳು. ಇವರ ಮಗನಿಗೆ ಎಂಟು. ಇವರವರೆಗೆ ಹತ್ತು ದಿನ, ಮಗನಿಂದ ಮುಂದೆ ಮೂರೇ ದಿನ. ಅರವತ್ತು ವರ್ಷದ ಮೇಲೆ ಸಿಕ್ಕ ದಾಯಾದಿತನ ಕೈಯಲ್ಲಿ ಹಿಡಿಯುವ ಹೊತ್ತಿಗೆ ತೆಳುವಾಗುವ ಅಂಚಿಗೆ ಬಂದಿದೆ. ಪುರೋಹಿತರನ್ನು ಕೇಳಿದರೆ ಲೆಕ್ಕ ಸರಿ ಎಂದರು. ಆಯಿಗೆ ಒಪ್ಪಿಗೆಯಾಗಲಿಲ್ಲ. "ಮಗಂಗೂ ಹತ್ತೇ ಹಿಡಿಯನ. ಇಷ್ಟು ವರ್ಷದ್ದು ಒಂದೂ ಹಿಡದ್ವಿಲ್ಲೆ."

ಹಾಗೆ ಹಿಡಿಯಬಹುದೋ ಬಾರದೋ, ಪುರೋಹಿತರು ಗ್ರಂಥ ನೋಡಿ ಹೇಳುತ್ತಾರಂತೆ.

*

ಹೊಸನಗರಕ್ಕೆ ಹೋಗುವಾಗ ಕೇಳಬೇಕಾದದ್ದು. ಮೇಲಿನ ಮನೆಯ ಅಜ್ಜಿಯರ ಹೆಸರು, ಧಾರೆಗೆ ಮುಂಚಿನದ್ದು. ಅವರ ತವರು. ಲಾರಿ ಹತ್ತುವಾಗ ಎಷ್ಟು ಜನ, ಇಳಿಯುವಾಗ ಎಲ್ಲೆಲ್ಲಿ ಇಳಿದರು. ಭದ್ರಾವತಿಯ ಕಡೆ ಹೋದ ಮೂರನೇ ಮನೆಯವರ ಸುದ್ದಿ ಅವರಿಗೆ ಏನಾದರೂ ಇದೆಯೇ. ಆ ಮನೆಯಿಂದ ಹೊನ್ನಾವರದ ಕಡೆ ಕೊಟ್ಟ ಹೆಣ್ಣುಮಗಳ ಹೆಸರು ಭಾಗೀರಥಿಯೋ ಗೋದಾವರಿಯೋ, ಮೇಲಿನ ಮನೆಯವರ ಅಮ್ಮನಿಗೆ ನೆನಪಿದ್ದೀತು, ಅವರಿಗೆ ಕಿವಿ ಮಂದ, ಬೆಳಗಿನ ಹೊತ್ತು ಹೋಗಬೇಕು.